ನೆಗೆಣ್ಣಿಯ ರಾಜಯೋಗ, ನನ್ನ ಹೊಟ್ಟೆಕಿಚ್ಚು

ಮನೆಯಲ್ಲಿ ಒಬ್ಬರು ರಾಜಕೀಯಕ್ಕೆ ಇಳಿದರೆ ಉಳಿದವರು ನಗಲಿಕ್ಕೆ ನಾಟಕ, ಸಿನಿಮಾ ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ಬಾಗಿಲಿಗೇ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಇಳಿದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಗೋಕಾಕದ ಹಳೆಯ ಓಣಿಯಲ್ಲಿ ನಮ್ಮದು ಒಂದೇ ಮನೆ, ನಡುವೆ ಒಂದು ಗೋಡೆ. ಆಚೆ ಅವರು, ಈಚೆ ನಾವು ಮತ್ತು ನಮ್ಮ ಎಮ್ಮೆಗಳು. ಪಡಸಾಲೆ ಮಾತ್ರ ಇಬ್ಬರಿಗೂ ಕೂಡಿದ್ದು, ಅದು ಅತ್ತೆಯ ರಾಜ್ಯ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಹಿರಿ ಸೊಸೆ. ವೇದಿಕೆಯ ಮೇಲೆ ಒಂದು ಕುರ್ಚಿ, ಹೆಸರಿನ ಮುಂದೆ 'ಅಧ್ಯಕ್ಷೆ' ಅನ್ನುವ ಒಂದು ಮಾತು, ಇಷ್ಟೇ ನನಗೆ ಬೇಕಾಗಿದ್ದದ್ದು. ಅದು ಆಕೆಗೆ ಸಿಕ್ಕಿತು. ಧರ್ಮ, ದೇಶ ಅಂತ ಗುಡುಗುತ್ತ ಆಕೆ ಹಿಂದುತ್ವದ ಪಕ್ಷದಲ್ಲಿ ಮೇಲೇರಿ, ಎಮ್ಮೆಲ್ಲೆ ಟಿಕೆಟ್ಟಿನ ಹೊಸ್ತಿಲ ತನಕ ಹೋಗಿ, ಧಡ್ಡಂತ ಬಿದ್ದಳು. ಅದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಬೇರೆ ಇಲ್ಲ. ನೋಡಬೇಕೆಂದು ನೋಡಿದ್ದಲ್ಲ, ಗೋಡೆ ತೆಳ್ಳಗಿದೆ.

೧. ವಂದನಾರ್ಪಣೆ

ಇಬ್ಬರೂ ಒಂದೇ ಭಜನಾ ಮಂಡಳಿಯವರು. ತಾಳ ನನ್ನ ಕೈಯಲ್ಲಿ, ಆಕೆ ಹಿಂದಿನ ಸಾಲಿನಲ್ಲಿ. ಒಂದು ದಿನ ಪಕ್ಷದ ಜಿಲ್ಲಾ ನಾಯಕರು ಓಣಿಯ ಗುಡಿಯಲ್ಲಿ ಮಹಿಳೆಯರ ಕಾರ್ಯಕ್ರಮಕ್ಕೆ ಬರುತ್ತಾರೆಂದು ಗೊತ್ತಾಯಿತು. ತಾಲೂಕಿಗೊಬ್ಬ ಮಹಿಳಾ ಅಧ್ಯಕ್ಷೆಯನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿಯೂ ಅದರ ಹಿಂದೆಯೇ ಬಂತು. ಮಂಡಳಿಯ ಹಿರಿಯರು ಮುಖ್ಯ ಭಾಷಣ ನನಗೆ ಕೊಟ್ಟರು, ಕೊನೆಯ ವಂದನಾರ್ಪಣೆ ನೆಗೆಣ್ಣಿಗೆ. ನಾನು ಎಮ್ಮೆಗಳ ಮುಂದೆ ನಿಂತು ಭಾಷಣ ಬಾಯಿಪಾಠ ಮಾಡಿದೆ. ಅವು ಮೆಲುಕು ಹಾಕುತ್ತ ಪೂರ್ತಿ ಕೇಳಿದವು.

ನಮ್ಮ ಕಡೆ ವೇದಿಕೆಯ ಮೇಲೆ ಕೂತವರನ್ನೆಲ್ಲ ಹೆಸರು, ಹುದ್ದೆ ಸಮೇತ ನೆನೆಯದೆ ಮಾತಿಗೆ ಶುರು ಮಾಡುವಂತಿಲ್ಲ. ಒಬ್ಬರನ್ನು ಬಿಟ್ಟರೆ ಅವರು ಮುಂದಿನ ಶ್ರಾವಣದ ತನಕ ಮಾತು ಬಿಡುತ್ತಾರೆ. ನಾನು ಒಬ್ಬರನ್ನೂ ಬಿಡಲಿಲ್ಲ. ಗುಡಿಯ ಕಮಿಟಿಯವರು, ಹಾಲಿನ ಸಂಘದವರು, ಮಾಜಿಗಳು, ಮಾಜಿಗಳ ಅಣ್ಣತಮ್ಮಂದಿರು, ಎಲ್ಲರನ್ನೂ ನೆನೆದೆ. ಮುಗಿಯಿತು ಅನ್ನುವಷ್ಟರಲ್ಲಿ ತಡವಾಗಿ ಬಂದವರಿಬ್ಬರು ವೇದಿಕೆ ಹತ್ತಿದರು. ಅವರು ಉಳಿದವರಿಗಿಂತ ದೊಡ್ಡವರು. ಅವರನ್ನು ಕೊನೆಯಲ್ಲಿ ನೆನೆದರೆ ಅವಮಾನ, ಹಾಗಾಗಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

"ಸನ್ಮಾನ್ಯರೇ" ಎಂದು ವಿಷಯಕ್ಕೆ ಬರುವಾಗ ನಾಯಕರು ಗಡಿಯಾರ ನೋಡಿ ಎದ್ದೇಬಿಟ್ಟರು. ಮೂಡಲಗಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ. ಮೈಕು ನನ್ನ ಕೈಯಿಂದ ನೆಗೆಣ್ಣಿಯ ಕೈಗೆ ಹೋಯಿತು. ಆಕೆಗೆ ಭಾಷಣ ಗೊತ್ತಿಲ್ಲ, ಗಾಬರಿಯಲ್ಲಿ ಒಂದೇ ಒಂದು ಜೈಕಾರ ಹಾಕಿದಳು. ಹುಕ್ಕೇರಿ ತಾಲೂಕಿನ ತವರಿನಲ್ಲಿ ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸಿದ ಗಂಟಲು ಅದು. ಗುಡಿಯ ಮುಂದಿನ ಆಲದ ಮರದ ಗಿಳಿಗಳೆಲ್ಲ ಎದ್ದು ಹಾರಿದವು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ನಾಯಕರು ಹೊರಳಿ ನಿಂತರು.

"ಯಾರ್ರಿ ಈಕಿ? ಏನ್ ಗಂಟಲಾ ಐತ್ರಿ!"

ವಾರದಲ್ಲಿ ಆಕೆ ತಾಲೂಕು ಅಧ್ಯಕ್ಷೆ. ಅವತ್ತಿನಿಂದ ನಾನು ಯಾರೇ ಕೂತಿರಲಿ "ಎಲ್ಲರಿಗೂ ನಮಸ್ಕಾರ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಕೆಂದು ತೀರ್ಮಾನಿಸಿದ್ದೇನೆ. ತೊಂದರೆ ಏನೆಂದರೆ, ಅವತ್ತಿನಿಂದ ನನ್ನನ್ನು ಯಾರೂ ಮಾತಾಡಲು ಕರೆದಿಲ್ಲ.

೨. ಕುಂಬಳಕಾಯಿ, ತೆಂಗಿನಕಾಯಿ, ಲಿಂಬಿಹಣ್ಣು

ಅಧ್ಯಕ್ಷೆಯಾದ ಮೇಲೆ ಆಕೆಯ ಹುಟ್ಟಿದ ಹಬ್ಬಕ್ಕೆ ಓಣಿಯ ಬಾಯಿಗೆ ಫ್ಲೆಕ್ಸ್ ಬಿತ್ತು. ಹತ್ತೊಂಬತ್ತು ವರ್ಷ ಒಂದೇ ಗೋಡೆ ಹಂಚಿಕೊಂಡಿದ್ದೇವೆ, ಆಕೆಗೆ ಹುಟ್ಟಿದ ಹಬ್ಬ ಇದೆ ಅನ್ನುವುದೇ ನನಗೆ ಅವತ್ತು ತಿಳಿದದ್ದು. ಆಕೆಯ ತಲೆಗೆ ಕೇಸರಿ ಫೇಟಾ, ಕೈಯಲ್ಲಿ ಕತ್ತಿ, ಹಿಂದೆ ಒಂದು ಸಿಂಹ. ಆ ಕೈಗೆ ಮನೆಯಲ್ಲಿ ಈಳಿಗೆಮಣೆಯ ಮೇಲೆ ಬದನೆಕಾಯಿ ಹೆಚ್ಚಲೂ ಬೇಜಾರು.

ನನ್ನ ಫೋಟೊ ಎಲ್ಲಿ ಅಂತ ಹುಡುಕಿದೆ. ತೀರಾ ಕೆಳಗೆ, 'ಶುಭ ಕೋರುವವರು' ಸಾಲಿನಲ್ಲಿ, ಬೊಟ್ಟಿನಷ್ಟು ದೊಡ್ಡ ವೃತ್ತದಲ್ಲಿದ್ದೆ. ಅದೂ ಆಧಾರ್ ಕಾರ್ಡಿನ ಫೋಟೊ. ಸಿಟ್ಟಿನಿಂದ ಫ್ಲೆಕ್ಸ್ ಅಂಗಡಿಗೆ ಹೋಗಿ, "ಏನ್ರಿ ಇದು? ನಾನು ಹಿರಿ ಸೊಸಿ" ಅಂದೆ.

ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ. "ಬಾಯಾರ, ಅದಕ್ಕೊಂದ ಪದ್ಧತಿ ಐತ್ರಿ. ಹುಟ್ಟಿದ ಹಬ್ಬದವ್ರ ಮಾರಿ ಕುಂಬಳಕಾಯಿಯಷ್ಟ, ಜಿಲ್ಲಾದವ್ರದು ತೆಂಗಿನಕಾಯಿಯಷ್ಟ, ಮನಿ ಮಂದೀದು ಲಿಂಬಿಹಣ್ಣಿನಷ್ಟ. ಸೊಸಿ ಹಿರೇಕಿನೋ ಕಿರೇಕಿನೋ ಅಂತ ಯಾರೂ ಕೇಳೂದಿಲ್ರಿ."

ಹಬ್ಬ ಮುಗಿದ ಮೇಲೆ ಆ ಫ್ಲೆಕ್ಸನ್ನು ಬಿಚ್ಚಿ ತಂದು ಹಿತ್ತಲಲ್ಲಿ ನನ್ನ ಕುಳ್ಳಿನ ರಾಶಿಗೆ ಹೊದಿಸಿದೆ. ಮಳೆಗಾಲ, ಸೆಗಣಿಯ ಕುಳ್ಳು ನೆನೆದರೆ ಒಲೆ ಹತ್ತುವುದಿಲ್ಲ. ನೆಗೆಣ್ಣಿ ಗೋಡೆಯ ಮೇಲಿಂದ ಇಣುಕಿ ನೋಡಿ ಕೂಗಿದಳು. "ಅಕ್ಕಾ! ನನ್ನ ಮಾರಿ ಕುಳ್ಳಿನ ಮ್ಯಾಲ ಹಾಸೀಯಲ್ಲ!"

"ಪದ್ಧತಿ ಪ್ರಕಾರನ ಹಾಸೀನವಾ" ಅಂದೆ. "ನಿಂದು ಮ್ಯಾಲ ಐತಿ, ನಂದು ನೋಡು, ಸೆಗಣಿಗಿ ಹತ್ತಿ ಬುಡಕ ಐತಿ."

೩. ಹೆದ್ದಾರಿಯ ಆಕಳು

ಮನೆಯ ಹೆಂಗಸರು ಜೊತೆಗಿದ್ದರೆ ನಾಲ್ಕು ಜನರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಅಂತ ಆಕೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ನಾನೂ ಹೋಗುತ್ತಿದ್ದೆ. ಉರಿಯುವುದೇ ಆದರೆ ಹತ್ತಿರದಿಂದ ಉರಿಯೋಣ ಅಂತ.

ಅವತ್ತು ಸಂಜೆ ಹುಕ್ಕೇರಿಯಲ್ಲಿ ಗೋಪೂಜೆ. ಜೆರ್ಸಿ ಆಕಳು ನಡೆಯುವುದಿಲ್ಲ, ಜವಾರಿಯೇ ಬೇಕು ಅಂತ ಆಕೆ ಹಟ ಹಿಡಿದಿದ್ದಳು. ಆಕೆಯ ಅಣ್ಣ ಕೊಲ್ಲಾಪುರದ ಕಡೆಯ ಬೀಗರಲ್ಲಿ ಹೇಳಿ ಒಂದು ಚೆಂದದ ಆಕಳು ಗೊತ್ತು ಮಾಡಿದ್ದ. ನಾವಿಬ್ಬರೂ ಸಂಕೇಶ್ವರದಲ್ಲಿ ಒಂದು ಮೆರವಣಿಗೆ ಮುಗಿಸಿ ಹೊರಟಿದ್ದೆವು. ನನ್ನ ತೊಡೆಯ ಮೇಲೆ ಆರತಿ ತಟ್ಟೆ. ಹೆದ್ದಾರಿಗೆ ಬಂದಾಗ ಮುಂದೆ ಒಂದು ಟೆಂಪೊ, ತಾಡಪತ್ರಿಯ ಸಂದಿಯಲ್ಲಿ ಒಂದು ಬಾಲ ಕಂಡಿತು.

"ಗಾಡಿ ಅಡ್ಡ ಹಾಕು!" ಅಂತ ನೆಗೆಣ್ಣಿ ಡ್ರೈವರನಿಗೆ ಗುಡುಗಿದಳು. ಟೆಂಪೊ ನಿಂತಿತು. ಇಳಿದವನು ಗಡಿಯಾಚೆಯ ಮುದುಕ, ಅರ್ಧ ಮರಾಠಿ, ಅರ್ಧ ಕನ್ನಡ.

"ಆಕಳ ಎಲ್ಲಿಗಿ ಒಯ್ಯಾಕತ್ತೀ? ಖರೆ ಹೇಳು!"

"ಪೂಜಾಕ್ರಿ ಬಾಯಿಸಾಹೇಬ."

"ಎಲ್ಲಾರೂ ಹಿಂಗ ಹೇಳ್ತಾರ. ಯಾರು ಮಾಡ್ತಾರ ಪೂಜಾ?"

"ಹುಕ್ಕೇರ್ಯಾಗ ಯಾರೋ ಒಬ್ಬಾಕಿ ಬಾಯಿ ಅದಾಳಂತ್ರಿ."

"ಹೆಸರ ಹೇಳು ಆಕೀದು!"

ಮುದುಕ ತಲೆ ಕೆರೆದುಕೊಂಡ. "ಹೆಸರ ಗೊತ್ತಿಲ್ರಿ. ಭಾಳ ಒದರತಾಳಂತ, ಅಷ್ಟ ಗೊತ್ತ."

ಆ ಮಾತಿಗೆ ಆಕೆ ಇನ್ನೂ ಕೆರಳಿ ಪೊಲೀಸರಿಗೆ ಫೋನ್ ಮಾಡಿದಳು. ಆಕಳು, ಟೆಂಪೊ, ಮುದುಕ, ಮೂವರೂ ಠಾಣೆಗೆ ಹೋದರು. ನಾವು ಹುಕ್ಕೇರಿಗೆ ಬಂದೆವು. ಮಂಟಪ ಸಿದ್ಧ, ಹೆಂಗಸರು ಸಿದ್ಧ, ಆಕಳಿಲ್ಲ. ಆಕೆ ಅಣ್ಣನಿಗೆ ಫೋನ್ ಮಾಡಿ ಬೈದಳು. ಅಣ್ಣ ಮುದುಕನಿಗೆ ಫೋನ್ ಮಾಡಿದ. ಮುದುಕ ಠಾಣೆಯಲ್ಲಿ ಚಹಾ ಕುಡಿಯುತ್ತ, ನಡೆದದ್ದನ್ನು ನಡೆದ ಹಾಗೆ ಹೇಳಿದ.

ನನಗೆ ನಗು ತಡೆಯಲಾಗದೆ ಆರತಿ ತಟ್ಟೆಯಲ್ಲಿದ್ದ ಕುಂಕುಮ ಅರ್ಧ ಚೆಲ್ಲಿಹೋಯಿತು. ಆಕಳನ್ನು ಬಿಡಿಸಿಕೊಳ್ಳಲು ಇಬ್ಬರೂ ಠಾಣೆಗೆ ಓಡಿದರೆ ಅಲ್ಲಿಯ ಸಾಹೇಬರು ಕೈ ಮುಗಿದರು. "ಹಿಡದ ಆಕಳಾನ್ನ ಡಾಕ್ಟರ್ ನೋಡದ ಬಿಡಬಾರದು ಅಂತ ಹ್ವಾದ ತಿಂಗಳ ನೀವ ಇಲ್ಲಿ ಕುಂತ ಧರಣಿ ಮಾಡಿದ್ರಲ್ರಿ ಬಾಯಾರ. ಡಾಕ್ಟರ್ ನಾಳೆ ಬರ್ತಾರ."

ಕೊನೆಗೆ ಹೆಂಗಸರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಹೋಗಿ ಠಾಣೆಯ ಅಂಗಳದಲ್ಲೇ ಪೂಜೆ ಮಾಡಿದೆವು. ಈಗ ಆಕೆಯ ಮಾನ ಹೋಯಿತು ಅಂತ ನಾನು ಒಳಗೊಳಗೇ ಕರದಂಟು ತಿಂದಷ್ಟು ಸಂತೋಷಪಟ್ಟೆ. ಮರುದಿನ ಪೇಪರಿನಲ್ಲಿ ಬಂತು: 'ಠಾಣೆಯಲ್ಲೇ ಗೋಪೂಜೆ, ನಾಯಕಿಯ ವಿನೂತನ ಹೋರಾಟ.' ಆ ತಿಂಗಳೇ ಆಕೆ ತಾಲೂಕಿನ ಹುದ್ದೆಯ ಜೊತೆಗೆ ಜಿಲ್ಲಾ ಉಪಾಧ್ಯಕ್ಷೆಯೂ ಆದಳು. ಫೋಟೊದಲ್ಲಿ ಆರತಿ ಹಿಡಿದ ನನ್ನ ಕೈ ಮಾತ್ರ ಬಂದಿತ್ತು. ಆಕಳಿನ ಮುಖ ಪೂರ್ತಿ ಬಂದಿತ್ತು.

೪. ಮೈಕ್ ಸೆಟ್ ಕಾಕಾ

ಮೂಡಲಗಿಯಲ್ಲಿ ಒಬ್ಬ ಮುಸಲ್ಮಾನ ಕಾಕಾ ಇದ್ದಾರೆ. ಗಣಪತಿ ಇರಲಿ, ಉರುಸು ಇರಲಿ, ಮದುವೆ ಇರಲಿ, ಯಾವ ಪಕ್ಷದ ಸಭೆಯೇ ಇರಲಿ, ಮೈಕ್ ಸೆಟ್ ಅವರದ್ದೇ. ಸೀಟಿ ಹೊಡೆಯದ ಮೈಕು ಇಡೀ ತಾಲೂಕಿನಲ್ಲಿ ಅವರ ಹತ್ತಿರ ಮಾತ್ರ ಇದೆ. ನೆಗೆಣ್ಣಿಯ ಗಂಟಲು ಬೇರೆಯವರ ಪೆಟ್ಟಿಗೆಯಲ್ಲಿ ಒಡೆದುಹೋಗುತ್ತದೆ ಅಂತ ಆಕೆಯೂ ಅವರನ್ನೇ ಕರೆಸುತ್ತಿದ್ದಳು.

ಉಪಾಧ್ಯಕ್ಷೆಯಾದ ಮೇಲೆ ಮೊದಲ ದೊಡ್ಡ ಸಭೆ ಅಲ್ಲಿಯೇ. ಚಪ್ಪಾಳೆ ಬಿದ್ದಷ್ಟೂ ಆಕೆಯ ಸ್ವರ ಏರಿತು. ಕೊನೆಗೆ ಕೈ ಎತ್ತಿ, "ಇನ್ಮುಂದ ಅವ್ರ ಜೋಡಿ ಯಾವ ವ್ಯವಹಾರಾನೂ ಇಲ್ಲ! ಕೊಡೂದಿಲ್ಲ, ತಗೋಳೂದಿಲ್ಲ, ಎಲ್ಲಾ ಬಂದ್!" ಅಂತ ಘೋಷಿಸಿದಳು.

ಮೈಕು ಬಂದ್ ಆಯಿತು. ಕರೆಂಟ್ ಹೋಯಿತು ಅಂತ ಜನ ಮೇಲೆ ನೋಡಿದರು. ದೀಪಗಳು ಉರಿಯುತ್ತಿದ್ದವು. ವೇದಿಕೆಯ ಬಾಜೂ ಕಾಕಾ ತಮ್ಮ ಪೆಟ್ಟಿಗೆಯ ವೈರು ಸುತ್ತುತ್ತ ಕೂತಿದ್ದರು. ಸಿಟ್ಟಿಲ್ಲ, ಸೆಡವಿಲ್ಲ.

"ಕಾಕಾ, ಏನಾತ್ರಿ?" ಅಂತ ಸಂಘಟಕ ಓಡಿಬಂದ.

"ಏನಿಲ್ಲಪಾ. ಅಕ್ಕಾರು ಬಂದ್ ಅಂದ್ರು, ಬಂದ್ ಮಾಡೀನಿ."

ಮೈದಾನ ತುಂಬಿದೆ, ಜಿಲ್ಲಾ ನಾಯಕರು ಹಿಂದಿನ ಕುರ್ಚಿಯಲ್ಲಿ ಕೂತಿದ್ದಾರೆ, ಭಾಷಣದ ಮುಖ್ಯ ಭಾಗ ಇನ್ನೂ ಬಾಕಿ ಇದೆ. ನೆಗೆಣ್ಣಿ ವೇದಿಕೆಯ ಅಂಚಿಗೆ ಬಂದು, ಬಗ್ಗಿ, ಎರಡೂ ಕೈ ಜೋಡಿಸಿದಳು.

"ನಾ ಅಂದದ್ದು ನಾಳಿಂದ, ಕಾಕಾ!"

ಮೈಕು ಇಲ್ಲದಿದ್ದರೂ ಆ ಮಾತು ಕಡೆಯ ಸಾಲಿನ ತನಕ ಕೇಳಿಸಿತು, ಹಕ್ಕಿ ಓಡಿಸಿದ ಗಂಟಲಲ್ಲವೇ. ಆ ನಾಳೆ ಇವತ್ತಿಗೂ ಬಂದಿಲ್ಲ. ಆಕೆ ಮುಂದೆ ಮಾಡಿದ ಸಭೆಗಳಿಗೆಲ್ಲ ಕಾಕಾನದೇ ಮೈಕು. ಆ ಸಾಲು ಬಂದಾಗ ಕಾಕಾ ತಾವೇ ಸ್ವಲ್ಪ ಸಣ್ಣಗೆ ಮಾಡಿ, ಮುಗಿದ ಮೇಲೆ ದೊಡ್ಡದು ಮಾಡುತ್ತಿದ್ದರಂತೆ.

೫. ಗಿಳಿಹಸಿರು ಸೀರೆ

ಈಗ ಬಿದ್ದ ಕತೆ. ಚುನಾವಣೆ ಬಂತು. ಟಿಕೆಟ್ ಆಕೆಗೇ ಅಂತ ಟೀವಿಯವರೂ ಹೇಳತೊಡಗಿದರು. ಆ ದಿನಗಳಲ್ಲಿ ನನ್ನ ಊಟ ಅರ್ಧಕ್ಕಿಳಿದಿತ್ತು. ಗೋಡೆಯಾಚೆ ಜೈಕಾರ ಕೇಳಿದಾಗೆಲ್ಲ ತಾಟು ಸರಿಸಿ ಎದ್ದುಬಿಡುತ್ತಿದ್ದೆ.

ಆದರೆ ಟಿಕೆಟ್ ತೀರ್ಮಾನವಾಗುವುದು ಜಿಲ್ಲಾ ನಾಯಕರ ಕಚೇರಿಯಲ್ಲಲ್ಲ, ಅವರ ಹೆಂಡತಿಯ ಅಡುಗೆಮನೆಯಲ್ಲಿ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ನೆಗೆಣ್ಣಿ ಹುಕ್ಕೇರಿಯಲ್ಲಿ ದೊಡ್ಡ ಅರಿಶಿನ ಕುಂಕುಮ ಕಾರ್ಯಕ್ರಮ ಇಟ್ಟು ಆ ತಾಯಿಯನ್ನೇ ಮುಖ್ಯ ಅತಿಥಿಯಾಗಿ ಕರೆದಳು. ಕರೆದ ಮೇಲೆ ಸಾವಿರ ಜನರ ಮುಂದೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಉತ್ತತ್ತಿ ಆಯಿತು. ಸೀರೆ?

ರಾಜಕೀಯದ ಹೆಂಗಸಿಗೆ ಹೋದಲ್ಲೆಲ್ಲ ಉಡಿ ತುಂಬುತ್ತಾರೆ. ಆಕೆಯ ಟ್ರಂಕು ಸೀರೆ, ಕುಪ್ಪಸದ ಖಣಗಳಿಂದ ಮುಚ್ಚಲಾರದಷ್ಟು ತುಂಬಿತ್ತು. ಬಂದ ಖಣವನ್ನು ಇನ್ನೊಬ್ಬರ ಉಡಿಗೆ ದಾಟಿಸುವುದು ನಾವೆಲ್ಲ ಮಾಡುವುದೇ. ನಾನು ಕೊಟ್ಟ ಖಣ ನಾಲ್ಕು ಮನೆ ತಿರುಗಿ ನನಗೇ ಬಂದದ್ದಿದೆ. ಆಕೆ ಟ್ರಂಕಿನಿಂದ ಎಲ್ಲಕ್ಕಿಂತ ಭಾರಿಯಾದ ಗಿಳಿಹಸಿರು ರೇಷ್ಮೆ ಸೀರೆ ತೆಗೆದಳು. ಆ ಸೀರೆ ನನಗೆ ಚೆನ್ನಾಗಿ ಗೊತ್ತು. ದಸರೆಯಲ್ಲಿ ಯಾರೋ ಉಡಿಗೆ ಹಾಕಿದ್ದರಂತೆ, ಯಾರೆಂದು ಆಕೆಗೇ ನೆನಪಿಲ್ಲ. "ಒಮ್ಮಿ ಉಟ್ಟ ಕೊಡ್ತೀನಿ, ಕೊಡು" ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. "ಅದು ಪಕ್ಷದ ಸೀರಿ ಅಕ್ಕಾ" ಅಂತ ಟ್ರಂಕು ಮುಚ್ಚಿದ್ದಳು.

ಯಾರೋ ಅಲ್ಲ. ದಸರೆಯಲ್ಲಿ ಅದನ್ನು ಕೊಟ್ಟವರು ಅದೇ ನಾಯಕರ ಹೆಂಡತಿ. ಅವರ ಅಡುಗೆಯವಳು ನಮ್ಮ ಓಣಿಯವಳು, ಮುಂದಿನದನ್ನು ಅವಳ ಬಾಯಿಂದಲೇ ಕೇಳಿದೆ. ಆ ತಾಯಿ ತಮ್ಮ ಮನೆಗೆ ಹೋಗಿ ಉಡಿ ಬಿಚ್ಚಿ ಸೀರೆ ಹರವಿದರು. ಸೆರಗಿನ ಒಳಮಡಿಕೆಯಲ್ಲಿ ಮಾವಿನ ಉಪ್ಪಿನಕಾಯಿಯ ಕಲೆ. ಕಲೆ ತಮ್ಮದೇ. ಒಂದು ಮದುವೆಯಲ್ಲಿ ಉಟ್ಟು, ಎಣ್ಣೆ ಬೀಳಿಸಿಕೊಂಡು, ಮಡಿಕೆಯಲ್ಲಿ ಮುಚ್ಚಿ ದಸರೆಯಲ್ಲಿ ದಾಟಿಸಿದ್ದರು.

ಈಗ ಅವರು ಸಿಟ್ಟು ಮಾಡಿಕೊಳ್ಳುವಂತಿಲ್ಲ. 'ನನ್ನ ಸೀರೆ ನನಗೇ ಕೊಟ್ಟಳು' ಅಂದರೆ, ತಾವು ಉಟ್ಟ ಸೀರೆ ಕೊಟ್ಟದ್ದೂ ಹೊರಬೀಳುತ್ತದೆ. ಅವರು ನಾಯಕರ ಮುಂದೆ ಇಷ್ಟೇ ಅಂದರಂತೆ: "ಆಕಿಗಿ ಟಿಕೆಟ್ ಕೊಡಬ್ಯಾಡ್ರಿ."

"ಯಾಕ?"

"ಯಾಕಂತ ಕೇಳಬ್ಯಾಡ್ರಿ."

ಟಿಕೆಟ್ ಅವರ ಸೊಸೆಗೆ ಹೋಯಿತು. ಟೀವಿಯಲ್ಲಿ ಕೋಟು ಹಾಕಿದ ಪಂಡಿತರು ಜಾತಿ ಲೆಕ್ಕ, ಬಣ ಜಗಳ, ದಿಲ್ಲಿಯ ಒತ್ತಡ ಅಂತ ಒಂದು ವಾರ ಚರ್ಚೆ ಮಾಡಿದರು. ಉಪ್ಪಿನಕಾಯಿ ಯಾರಿಗೂ ಹೊಳೆಯಲಿಲ್ಲ. ನಾನು ಮಾತ್ರ ಈಗಲೂ ಹೇಳುತ್ತೇನೆ, ಆ ಸೀರೆ ಅವತ್ತು ನನಗೆ ಕೊಟ್ಟಿದ್ದರೆ ಆಕೆ ಇವತ್ತು ವಿಧಾನಸೌಧದಲ್ಲಿ ಇರುತ್ತಿದ್ದಳು.

೬. ಖಾಲಿ ಕುರ್ಚಿ

ನೆಗೆಣ್ಣಿ ಟೀವಿಯವರ ಮುಂದೆ ಅತ್ತು, ನಾಯಕರಿಗೆ ಎರಡು ಮಾತು ಅಂದಳು. ಇದ್ದ ಎರಡು ಹುದ್ದೆಯೂ ಹೋದವು. ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳು ಮಾಯವಾದವು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಗೋಡೆಯಾಚೆ ಸದ್ದೇ ಇಲ್ಲದ ಮನೆಯ ಪಕ್ಕದಲ್ಲಿ ಎಷ್ಟು ದಿನ ಸಂತೋಷಪಡಲಿಕ್ಕೆ ಆಗುತ್ತದೆ? ಒಂದು ದಿನ ಬಿಸಿ ರೊಟ್ಟಿ, ಪುಂಡಿಪಲ್ಯ ಒಯ್ದು ಇಟ್ಟು ಬಂದೆ. ಸಂಜೆ ತೊಳೆದ ತಾಟು ಹಿತ್ತಲ ಗೋಡೆಯ ಮೇಲಿತ್ತು.

ಅಷ್ಟರಲ್ಲಿ ಪಕ್ಷದವರಿಂದ ಫೋನ್ ಬಂತು. ತಾಲೂಕು ಮಹಿಳಾ ಅಧ್ಯಕ್ಷೆಯ ಜಾಗ ಖಾಲಿ ಇದೆ, ಓಣಿಯ ಮತ ಕೈಬಿಡಬಾರದು, ಅದೇ ಮನೆಯಿಂದಲೇ ಒಬ್ಬರು ಬೇಕು, ಮಾತಾಡಲು ಬರುತ್ತೇವೆ. ಅದೇ ಮನೆಯಲ್ಲಿ ಉಳಿದವಳು ನಾನೇ ಅಲ್ಲವೇ? ಎಮ್ಮೆ ಹಿಂಡುವುದನ್ನು ಗಂಡನಿಗೆ ಒಪ್ಪಿಸಿ ಇಲಕಲ್ ಸೀರೆ ಉಟ್ಟು ಕೂತೆ. ಗೋಡೆಯಾಚೆ ನೆಗೆಣ್ಣಿ ಕಿವಿಗೊಟ್ಟು ನಿಂತದ್ದು ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ಕೇಳಲಿ ಅಂತ ನಾನೂ ಗಟ್ಟಿಯಾಗಿ ಕೆಮ್ಮಿದೆ.

ನಾಯಕರು ಬಂದು ಪಡಸಾಲೆಯಲ್ಲಿ ಕೂತರು. ನಾನು ಬಾಯಿ ತೆರೆದು, ಧರ್ಮದ ಬಗ್ಗೆ ನನ್ನ ವಿಚಾರ ಏನೆಂದರೆ, ಅಂತ ಶುರು ಮಾಡಿದೆ. ನಾಯಕರ ಮುಖ ಸಣ್ಣಗಾಯಿತು. ಮಾತಾಡುವ ಹೆಂಗಸರಿಂದ ಅವರು ಬಹಳ ಅನುಭವಿಸಿದ್ದರು. ಅವರ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಹಣೆಗೆ ಕಾಸಿನಗಲ ಕುಂಕುಮ, ತಲೆತುಂಬ ಸೆರಗು, ಗೋಡೆಗೆ ಒರಗಿ ಶಾಂತವಾಗಿ ಕೂತಿದ್ದವರು ನಮ್ಮ ಅತ್ತೆ. ಅವರ ಬಾಯಿ ತುಂಬ ಎಲೆ ಅಡಿಕೆ, ತಂಬಾಕು. ತುಟಿ ಬಿಚ್ಚಿದರೆ ಸೀರೆ ಕೆಂಪಾಗುತ್ತದೆ.

"ಅವ್ವಾರ, ನಾವ ಮಾಡೂದು ನಿಮಗ ಒಪ್ಪಿಗಿ ಐತ್ರ್ಯಾ?"

"ಹ್ಞೂಂ" ಅಂದರು ಅತ್ತೆ.

"ಟಿಕೆಟ್ ಯಾರಿಗಿ ಕೊಟ್ರೂ ನಡೀತೈತ್ರ್ಯಾ?"

"ಹ್ಞೂಂ."

"ನಿಮಗ ಏನರ ಕೇಳೂದೈತ್ರ್ಯಾ?"

ಅತ್ತೆ ತಲೆ ಅಡ್ಡ ಆಡಿಸಿದರು. ನಾಯಕರು ಎದ್ದು ನಿಂತು ಕೈ ಮುಗಿದರು. "ಇಂಥಾವ್ರನ್ನ ನಾವು ಇಷ್ಟ ವರ್ಷ ಹುಡಕಾಕತ್ತಿದ್ವಿ!" ಅಲ್ಲೇ ಹಾರ ಹಾಕಿ, ಫೋಟೊ ತೆಗೆಸಿಕೊಂಡು ಹೋದರು. ನಾನು ಚಹಾದ ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

ಗಾಡಿ ಓಣಿ ದಾಟಿದ ಮೇಲೆ ಅತ್ತೆ ಹಿತ್ತಲಿಗೆ ಹೋಗಿ ಉಗುಳಿ ಬಂದು, ಕೊರಳ ಹಾರ ಮುಟ್ಟಿ ನೋಡಿಕೊಂಡು ಕೇಳಿದರು. "ಯಾರವಾ ಅವ್ರು? ಹಾಲಿನ ಸಂಘದವ್ರೇನ?"

ಗೊತ್ತಾದ ಮೇಲೆ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆವು. ಅನ್ನಲಿಲ್ಲ. ಮರುವಾರವೇ ಮೂಡಲಗಿಯ ಸಭೆಗೆ ಅತ್ತೆಯನ್ನು ಕರೆದೊಯ್ಯಲು ಬಿಳಿ ಕಾರು ಬಂತು. ನಾನು ಈಚೆ ಬಾಗಿಲಲ್ಲಿ, ನೆಗೆಣ್ಣಿ ಆಚೆ ಬಾಗಿಲಲ್ಲಿ ನಿಂತೆವು. ಎಷ್ಟೋ ದಿನದ ಮೇಲೆ ಆಕೆ ಬಾಯಿಬಿಟ್ಟಳು.

"ಅಕ್ಕಾ, ಹೊಟ್ಟಿ ಉರಿಯಾಕತ್ತೈತೇನ?"

"ಹ್ಞೂಂ. ನಿನಗ?"

"ನಿನಕಿಂತ ಜಾಸ್ತಿ."

ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಆಕೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಕಾರಿನ ಗಾಜು ಇಳಿಸಿ, ಸೊಸೆಯರಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಹಿಂಗ ಕಂಬ ನಿಂತಂಗ ಯಾಕ ನಿಂತೀರಿ? ಜೈ ಅನ್ರಿ!"

ಅಂದೆವು. ಪಕ್ಷಕ್ಕಾದರೆ ರಾಜೀನಾಮೆ ಕೊಡಬಹುದು, ಅತ್ತೆಗೆ ಕೊಡಲಿಕ್ಕೆ ಬರುವುದಿಲ್ಲ.